ಎಐ ಕ್ಷಣದಲ್ಲಿ ಚಿತ್ರ ಮಾಡಿಕೊಡುವಾಗ ಡಿಜಿಟಲ್ ಆರ್ಟ್ ಕಲಿಯುವುದರಲ್ಲಿ ಅರ್ಥ ಇದೆಯಾ?

ಇದೆ. ಕೆಲಸ ಸಿಗುತ್ತದಾ ಅನ್ನುವುದು ಬೇರೆ ಪ್ರಶ್ನೆ, ಎರಡನ್ನೂ ಬೆರೆಸಬೇಡಿ. 2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಮಾಡುವ ಎಐಗಳು ಬಂದ ಮೇಲೆ ಕಲಾವಿದರಿಗೆ ಹುಟ್ಟಿದ ಭಯ ಸುಳ್ಳಲ್ಲ.

ಆದರೆ ಒಂದು ಕೈಯ ಚಿತ್ರ ಬರೆದು ನೋಡಿ. ಹೆಬ್ಬೆರಳು ಎಲ್ಲಿಂದ ಶುರುವಾಗುತ್ತದೆ ಅಂತ ನಿಮ್ಮದೇ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತೀರಿ. ಹತ್ತು ಸಲ ಅನ್‌ಡು ಒತ್ತುತ್ತೀರಿ. ಸ್ಟೈಲಸ್ (ಡಿಜಿಟಲ್ ಪೆನ್) ಮೇಲಿನ ಒತ್ತಡ ಸ್ವಲ್ಪ ಸಡಿಲಿಸಿದಾಗ ಗೆರೆ ತಟ್ಟನೆ ಸರಿಯಾಗಿ ಕೂರುತ್ತದೆ. ಆ ಖುಷಿ ಎಐಗೆ ಪ್ರಾಂಪ್ಟ್ (ಸೂಚನೆ) ಬರೆದರೆ ಸಿಗುವುದಿಲ್ಲ. ಅವತ್ತಿನಿಂದ ಎದುರಿಗಿರುವವರ ಕೈಗಳನ್ನೂ ಬೇರೆ ಥರ ನೋಡುತ್ತೀರಿ, ಅಲ್ವಾ?

ಖರ್ಚಿನ ಚಿಂತೆ ಬೇಡ. ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾ ಪೂರ್ತಿ ಉಚಿತ. ಯಾರಿಗೂ ತೋರಿಸಬೇಕಿಲ್ಲದ ಒಂದು ಫೋಲ್ಡರ್ ಮಾಡಿ, ಸುಮ್ನೆ ಇವತ್ತೇ ಶುರು ಮಾಡಿ.