ಚೋರ್ ಬಜಾರ್‌ನ ಪ್ರೊಪೆಲರ್ ಮೇಲಿನ ಅಚ್ಚು

ಚೋರ್ ಬಜಾರ್‌ನಲ್ಲಿ ಕೊಂಡ ವಿಮಾನದ ಮರದ ಪ್ರೊಪೆಲರ್ ನಡುವೆ ‘ಡಿ’, ‘ಪಿ’, ‘ಎಲ್‌ಎಚ್’, ‘ಜಿಪ್ಸಿ ಮೇಜರ್’ ಅಂತ ಒತ್ತಿರೋದರ ಅರ್ಥ ಕೇಳಿದ್ದೀರಿ ಸಾರ್. ಡಿ ಅಂದರೆ ವ್ಯಾಸ. ಟೇಪ್ ಹಿಡಿದು ತಾಳೆ ನೋಡಿ. ಕಡಿಮೆ ಬಂದರೆ ತುದಿ ಕತ್ತರಿಸಿರಬಹುದು. ಪಿ ಅಂದರೆ ಪಿಚ್, ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಮುಂದೆ ಸಾಗಬೇಕು ಅನ್ನೋದು. ಎಲ್‌ಎಚ್ ಎಡಸುತ್ತು: ಪೈಲಟ್ ಕೂತ ಕಡೆಯಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧ. ಜಿಪ್ಸಿ ಮೇಜರ್ ಎಂಜಿನ್ ತಿರುಗುತ್ತಿದ್ದುದೂ ಹಾಗೇ, ಹೊಂದುತ್ತದೆ. ಟೈಗರ್ ಮಾತ್ ತರಬೇತಿ ವಿಮಾನದಲ್ಲಿದ್ದ 130 ಅಶ್ವಶಕ್ತಿಯ ಎಂಜಿನ್ ಅದು. ಬೇರೆ ವಿಮಾನಗಳಲ್ಲೂ ಇತ್ತು, ಹಾಗಾಗಿ ಯಾವ ವಿಮಾನದ್ದು ಅಂತ ತಿಳಿಯಲು ‘ಡಿಆರ್‌ಜಿ’ (ಡ್ರಾಯಿಂಗ್) ಅಂತ ಒತ್ತಿದ್ದರೆ ಅದರ ಮುಂದಿನ ನಕ್ಷೆ ಸಂಖ್ಯೆ ಹುಡುಕಿ.

ಅಚ್ಚಿಗಿಂತ ನಾನು ನಂಬೋದು ಬೋಲ್ಟ್ ತೂತುಗಳನ್ನ. ಸುತ್ತ ಲೋಹದ ತಟ್ಟೆ ಬಿಗಿದು ಮರ ತಗ್ಗಿದ ಗುರುತಿಲ್ಲದಿದ್ದರೆ ಗೋಡೆಗೆ ತೂಗುಹಾಕಲು ಮಾಡಿದ್ದಿರಬಹುದು. ದಯವಿಟ್ಟು ಉಜ್ಜಿ ಪಾಲಿಶ್ ಮಾಡಿಸಬೇಡಿ, ಮೊದಲು ಅಳಿಸೋದೇ ಆ ಅಕ್ಷರಗಳು.