ಕೋವಿ ಹೆಗಲ ಮೇಲಿರಬೇಕೋ, ಚೀಲದೊಳಗಿರಬೇಕೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೇಪಿನ ಕೋವಿ (ನಳಿಗೆಗೆ ಮದ್ದು ಜಡಿದು, ಕೇಪು ಎಂಬ ಸಣ್ಣ ಸಿಡಿಮದ್ದಿನ ಟೋಪಿಯಿಂದ ಹಾರಿಸುವ ಬಂದೂಕು) ಇದೆ. ತೋಟಕ್ಕೆ ಟಾರು ರಸ್ತೆಯಲ್ಲೇ ಬೈಕಿನಲ್ಲಿ ಹೋಗಬೇಕು. ಮುಚ್ಚಿಕೊಂಡು ಹೋದರೆ ಕಳ್ಳಬೇಟೆ ಅಂತ ಅನುಮಾನ ಬರುತ್ತೆ ಎಂದು ಹೆಗಲಿಗೆ ಹಾಕಿಕೊಂಡೇ ಹೋಗುತ್ತೇನೆ. ಡಾಲಸ್‌ನಲ್ಲಿ ಕೆಲಸದ ವೀಸಾದ ಮೇಲಿರುವ ಅಣ್ಣನ ಮಗ, ಅಲ್ಲಿ ಪಿಸ್ತೂಲು ಕಾಣುವಂತೆಯೇ ಸಿಕ್ಕಿಸಿಕೊಳ್ಳಬಹುದು ಎನ್ನುತ್ತಾನೆ. ತಾನೂ ಒಂದು ಕೊಳ್ಳುತ್ತಾನಂತೆ. ನಮ್ಮಲ್ಲಿ ಯಾವುದು ಸರಿ?

ಉತ್ತರ: ಮುಚ್ಚಿಕೊಂಡೇ ಹೋಗಿ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು, ಅದಕ್ಕೆಂದೇ ಮಾಡಿದ ಚೀಲದಲ್ಲಿರಬೇಕು, ನಿಮ್ಮ ಹಿಡಿತದಲ್ಲೂ ಇರಬೇಕು. ಗೋಣಿಯಲ್ಲೋ ಹಳೇ ಪಂಚೆಯಲ್ಲೋ ಸುತ್ತಿದರೆ ಸಾಲದು. ಬೈಕಿನ ಹಿಂದೆ ಕಟ್ಟುವುದೂ ಬೇಡ, ಚೀಲವನ್ನು ಬೆನ್ನಿಗೇ ಹಾಕಿಕೊಳ್ಳಿ. ನಿಯಮ ಮೀರಿದರೆ ಲೈಸೆನ್ಸ್ ರದ್ದು, ಕೋವಿ ಜಪ್ತಿ.

ನಿಮ್ಮ ಅನುಮಾನವೂ ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದಕ್ಕೆ ಉತ್ತರ ಲೈಸೆನ್ಸ್ ಪುಸ್ತಕ, ಹೆಗಲ ಮೇಲಿನ ನಳಿಗೆ ಅಲ್ಲ. ಪೊಲೀಸರು ಕೇಳಿದ ತಕ್ಷಣ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ದರೆ ಅಲ್ಲೇ ಕೋವಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ. ಪುಸ್ತಕ ಬೀರುವಿನಲ್ಲಿ, ಕೋವಿ ರಸ್ತೆಯಲ್ಲಿ ಅಂತ ಆಗಬಾರದು. ಅದರಲ್ಲಿ ಯಾವ ಪ್ರದೇಶಕ್ಕೆ ಅನುಮತಿ ಅಂತ ಬರೆದಿದೆ, ಅದನ್ನೂ ಒಮ್ಮೆ ನೋಡಿ.

ಇನ್ನೊಂದು ಮಾತು, ಇದು ಕಾನೂನಿಗಿಂತ ಜೀವಕ್ಕೆ ಸಂಬಂಧಿಸಿದ್ದು. ಕೇಪಿನ ಕೋವಿಗೆ ಮದ್ದು ಜಡಿದ ಮೇಲೆ ಸುಲಭವಾಗಿ ತೆಗೆಯಲು ಬರುವುದಿಲ್ಲ. ಹಾಗಾಗಿ ಎಷ್ಟೋ ಜನ ಮನೆಯಲ್ಲೇ ತುಂಬಿಸಿ ಹೊರಡುತ್ತಾರೆ. ಬೈಕು ಹೊಂಡಕ್ಕೆ ಇಳಿದಾಗ ಕೋವಿಯ ಕುದುರೆಗೆ (ಕೇಪಿಗೆ ಬಡಿಯುವ ಭಾಗ) ಪೆಟ್ಟು ಬಿದ್ದರೆ ಮುಗೀತು. ದಯವಿಟ್ಟು ತೋಟ ಮುಟ್ಟಿದ ಮೇಲೆಯೇ ಮದ್ದು ತುಂಬಿಸಿ. ಕೇಪು ಕೊನೆಗೆ. ಅಂದ ಹಾಗೆ, ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಗೆ ಅನುಮತಿಯಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಕೊಡಗಿನ ಉದಾಹರಣೆ ಕೊಡುವವರಿರುತ್ತಾರೆ. ಕೊಡವರಿಗೂ, ಅಲ್ಲಿನ ಜಮ್ಮಾ ಎಂಬ ಪಾರಂಪರಿಕ ಪದ್ಧತಿಯ ಭೂ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಅದು ನಿಮಗೆ ಅನ್ವಯಿಸುವುದಿಲ್ಲ. ಮದುವೆ ಮನೆಯಲ್ಲಿ ಒಂದು ಗುಂಡು ಹಾರಿಸೋಣ ಅನ್ನುವವರ ಮಾತನ್ನಂತೂ ಕೇಳಲೇಬೇಡಿ. 2019ರ ತಿದ್ದುಪಡಿಯ ನಂತರ, ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ನಿಮ್ಮ ಅಣ್ಣನ ಮಗ ಹೇಳಿದ್ದು, ಡಾಲಸ್ ಇರುವ ಟೆಕ್ಸಾಸ್ ರಾಜ್ಯದ ಮಟ್ಟಿಗೆ ನಿಜ. 2021ರ ಸೆಪ್ಟೆಂಬರ್‌ನಿಂದ ಅಲ್ಲಿ 21 ದಾಟಿದ, ಕಾನೂನಿನ ಅಡ್ಡಿಯಿಲ್ಲದ ಜನ ಪರವಾನಗಿ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಕಾಣುವಂತಿದ್ದರೆ ಅದು ಹೋಲ್‌ಸ್ಟರ್‌ನಲ್ಲಿರಬೇಕು. ಆದರೆ ‘ಅಡ್ಡಿಯಿಲ್ಲದ’ ಅನ್ನುವಲ್ಲೇ ಅವರು ಸಿಕ್ಕಿಬೀಳುತ್ತಾರೆ. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅಂಗಡಿಗೆ ಹೋಗುವ ಮೊದಲು ಅಲ್ಲಿನ ವಕೀಲರನ್ನು ಕೇಳಲು ಹೇಳಿ. ಜೈಲಿನ ಜೊತೆಗೆ ವೀಸಾ ಕೂಡ ಹೋಗುವ ವಿಷಯ ಇದು.