ಗುಂಡು ಹಾರಿಸಿದವನು ಸಿಕ್ಕ, ಆದೇಶ ಕೊಟ್ಟವನು?

ಯುದ್ಧಾಪರಾಧ, ನರಮೇಧದ ವಿಚಾರಣೆಗಳ ಬಗ್ಗೆ ಓದುಗರು ಕಳಿಸಿದ ಕೆಲವು ಪ್ರಶ್ನೆಗಳಿಗೆ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ಹೇಗ್‌ನ ಕೋರ್ಟು ದೊಡ್ಡ ದೊಡ್ಡ ನಾಯಕರ ಮೇಲೆ ವಾರಂಟ್ ಹೊರಡಿಸುತ್ತದೆ. ಅವರು ಆರಾಮಾಗಿ ವಿಮಾನ ಹತ್ತಿ ಓಡಾಡಿಕೊಂಡಿರುತ್ತಾರೆ. ಹಿಡಿಯೋಕೆ ಆಗದ ಮೇಲೆ ವಾರಂಟ್ ಯಾಕೆ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನೀವು ಹೇಳುತ್ತಿರುವುದು ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಬಗ್ಗೆ. ಅದಕ್ಕೆ ತನ್ನದು ಅಂತ ಒಬ್ಬ ಪೊಲೀಸ್ ಕೂಡ ಇಲ್ಲ. 1998ರಲ್ಲಿ ರೋಮ್‌ನಲ್ಲಿ 120 ದೇಶಗಳು ಈ ಕೋರ್ಟಿನ ಪರ ಮತ ಹಾಕಿದವು. ಆರೋಪಿಯನ್ನು ಹಿಡಿದುಕೊಡುವ ಕೆಲಸ ಸದಸ್ಯ ದೇಶಗಳದ್ದು ಅಂತ ಆಗಲೇ ತೀರ್ಮಾನವಾಯಿತು. ಅವು ಮುಂದೆ ಬರದಿದ್ದರೆ ಕೋರ್ಟು ಕೈಕಟ್ಟಿ ಕೂರಬೇಕು.

ಸುಡಾನ್‌ನ ಅಧ್ಯಕ್ಷನಾಗಿದ್ದ ಒಮರ್ ಅಲ್ ಬಶೀರ್ ಮೇಲೆ 2009ರಲ್ಲಿ ವಾರಂಟ್ ಬಂತು. 2015ರ ಜೂನ್‌ನಲ್ಲಿ ಆತ ಶೃಂಗಸಭೆಗೆಂದು ದಕ್ಷಿಣ ಆಫ್ರಿಕಾಕ್ಕೆ ಹೋದ. ಆತ ದೇಶ ಬಿಡದಂತೆ ನೋಡಿಕೊಳ್ಳಿ ಎಂದು ಪ್ರಿಟೋರಿಯಾದ ಹೈಕೋರ್ಟು ಆದೇಶ ಮಾಡಿತ್ತು. ಕೋರ್ಟಿನೊಳಗೆ ವಾದ ನಡೆಯುತ್ತಿರುವಾಗಲೇ ಸೇನೆಯ ವಾಯುನೆಲೆಯಿಂದ ಆತನ ವಿಮಾನ ಹಾರಿಹೋಯಿತು. ಇದನ್ನು ಪಾಠ ಮಾಡುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ವಾರಂಟ್ ಹಳೆಯದಾಯಿತು ಅಂತ ರದ್ದಾಗುವುದಿಲ್ಲ. ಈ ಅಪರಾಧಗಳಿಗೆ ಕಾಲಮಿತಿಯೇ ಇಲ್ಲ. ಬೋಸ್ನಿಯಾದ ಸರ್ಬ್ ನಾಯಕ ರಾಡೊವಾನ್ ಕರಾಜಿಚ್ ಮೇಲೆ ವಿಶ್ವಸಂಸ್ಥೆಯ ಯುಗೊಸ್ಲಾವಿಯ ನ್ಯಾಯಮಂಡಳಿ 1995ರಲ್ಲಿ ಆರೋಪ ಹೊರಿಸಿತು. ಸಿಕ್ಕಿದ್ದು 2008ರಲ್ಲಿ. ಉದ್ದ ಗಡ್ಡ ಬಿಟ್ಟು, ಹೆಸರು ಬದಲಿಸಿಕೊಂಡು, ಬೆಲ್‌ಗ್ರೇಡ್‌ನಲ್ಲಿ ಪರ್ಯಾಯ ಚಿಕಿತ್ಸೆ ಕೊಡುವವನಾಗಿ ಬದುಕುತ್ತಿದ್ದ. ಫಿಲಿಪ್ಪೀನ್ಸ್ ದೇಶ 2019ರಲ್ಲಿ ಹೇಗ್ ಕೋರ್ಟಿನಿಂದ ಹೊರಗೆ ಹೋಯಿತು. ಆದರೂ 2025ರ ಮಾರ್ಚ್‌ನಲ್ಲಿ ಮಾಜಿ ಅಧ್ಯಕ್ಷ ಡುಟರ್ಟೆಯನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ ಅದೇ ದೇಶದ ಪೊಲೀಸರು ಹಿಡಿದು ಹೇಗ್‌ಗೆ ಕಳಿಸಿದರು. ಸದಸ್ಯ ದೇಶವಾಗಿದ್ದಾಗ ನಡೆದದ್ದಕ್ಕೆ ಆಮೇಲೆ ಹೊರಗೆ ಹೋಗಿ ತಪ್ಪಿಸಿಕೊಳ್ಳಲು ಆಗಲ್ಲ. ರಾಜಕೀಯದ ಗಾಳಿ ಯಾವತ್ತು ತಿರುಗುತ್ತೋ ಯಾರಿಗೂ ಗೊತ್ತಿರಲ್ಲ. ಆ ದಿನ ಬಂದಾಗ ವಾರಂಟ್ ರೆಡಿ ಇರಬೇಕು, ಅಲ್ವಾ?

ಪ್ರಶ್ನೆ: ಕೊಂದವನು ಯಾರೋ ಸೈನಿಕ. ದೂರದ ಕಚೇರಿಯಲ್ಲಿ ಕೂತಿದ್ದ ಅಧಿಕಾರಿಯೇ ಕಾರಣ ಅಂತ ಕೋರ್ಟಿನಲ್ಲಿ ಹೇಗೆ ತೋರಿಸುತ್ತಾರೆ?

ಉತ್ತರ: ಅಸಲಿ ಕಷ್ಟ ಇರುವುದೇ ಇಲ್ಲಿ. ಕೊಲೆ ನಡೆದಿದೆ ಅಂತ ತೋರಿಸುವುದು ಒಂದು ಕೆಲಸ. ಅದು ಇವನ ಮಾತಿನಿಂದ ನಡೆಯಿತು ಅಂತ ತೋರಿಸುವುದು ಬೇರೆಯೇ ಕೆಲಸ. ಸ್ರೆಬ್ರೆನಿತ್ಸಾ ಪ್ರಕರಣ ತಗೊಳ್ಳಿ, ಎರಡೂ ಗೊತ್ತಾಗುತ್ತದೆ.

1995ರ ಜುಲೈನಲ್ಲಿ ಬೋಸ್ನಿಯಾದ ಆ ಪಟ್ಟಣ ಅಲ್ಲಿನ ಸರ್ಬರ ಸೇನೆಯ ವಶವಾಯಿತು. ಕೆಲವೇ ದಿನಗಳಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದು ಗುಂಡಿಗಳಲ್ಲಿ ಹೂತರು. ಒಂದೆರಡು ತಿಂಗಳು ಕಳೆದ ಮೇಲೆ ಯಂತ್ರಗಳನ್ನು ತಂದು ಗುಂಡಿಗಳನ್ನು ಬಗೆದರು. ಹೆಣಗಳನ್ನು ದೂರ ಸಾಗಿಸಿ ಮತ್ತೆ ಹೂತರು. ಒಬ್ಬನದೇ ಮೂಳೆಗಳು ಎರಡು ಮೂರು ಜಾಗದಲ್ಲಿ ಸಿಕ್ಕವು. ಇವರೆಲ್ಲ ಯುದ್ಧದಲ್ಲಿ ಸತ್ತವರು ಅಂತ ಆರೋಪಿಗಳ ಕಡೆಯವರು ವಾದಿಸಿದರು.

ತನಿಖೆಯವರು ಮಣ್ಣನ್ನು ಜರಡಿ ಹಿಡಿದರು. ಕಣ್ಣಿಗೆ ಕಟ್ಟಿದ ಬಟ್ಟೆಗಳು ಸಿಕ್ಕವು. ಹಿಂದಕ್ಕೆ ಬಿಗಿದ ಕೈಗಳು ಸಿಕ್ಕವು. ಯುದ್ಧ ಮಾಡುತ್ತಿದ್ದವನ ಕಣ್ಣಿಗೆ ಯಾರು ಬಟ್ಟೆ ಕಟ್ಟುತ್ತಾರೆ? ಕೊಜ್ಲುಕ್ ಅನ್ನುವ ಜಾಗದ ಗುಂಡಿ ಒಂದು ಬಾಟಲಿ ಕಾರ್ಖಾನೆಯ ಪಕ್ಕದಲ್ಲಿತ್ತು. ಅಲ್ಲಿನ ಮಣ್ಣಿನಲ್ಲಿ ಹಸಿರು ಗಾಜಿನ ಚೂರು, ಬಾಟಲಿಯ ಲೇಬಲ್ ಬೆರೆತಿದ್ದವು. ದೂರದ ಇನ್ನೊಂದು ಗುಂಡಿಯಲ್ಲೂ ಅದೇ ಗಾಜು, ಅದೇ ಲೇಬಲ್. ಹೆಣಗಳನ್ನು ಎಲ್ಲಿಂದ ಎಲ್ಲಿಗೆ ಸಾಗಿಸಿದರು ಅಂತ ಗಾಜಿನ ಚೂರೇ ಹೇಳಿತು. ಕೆಲವರ ಕೈಯಲ್ಲಿ ದಿನ, ತಾರೀಕು ತೋರಿಸುವ ವಾಚ್‌ಗಳಿದ್ದವು. ಕೈ ಆಡುತ್ತಿದ್ದರೆ ಮಾತ್ರ ಕೀಲಿ ತುಂಬಿಕೊಳ್ಳುವಂಥವು. ಕೈ ಆಡುವುದು ನಿಂತರೆ ಒಂದೆರಡು ದಿನದಲ್ಲಿ ವಾಚೂ ನಿಲ್ಲುತ್ತದೆ. ಅದು ನಿಂತ ತಾರೀಕಿನಿಂದ ಸಾವಿನ ತಾರೀಕನ್ನು ಲೆಕ್ಕ ಹಾಕಿದರು. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೇನೂ ಓದಲು ಆಗಲಿಲ್ಲ.

ಇನ್ನು ಆದೇಶದ ಕೊಂಡಿ. ಸರ್ಬ್ ಅಧಿಕಾರಿಗಳು ರೇಡಿಯೊದಲ್ಲಿ ಆಡಿದ ಮಾತುಗಳನ್ನು ಬೋಸ್ನಿಯಾ ಸೇನೆಯವರು ಕದ್ದು ಕೇಳಿ, ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆದಿಟ್ಟಿದ್ದರು. ಒಂದು ಮಾತುಕತೆಯಲ್ಲಿ, ಇನ್ನೂ 3,500 ಪಾರ್ಸೆಲ್ ಹಂಚಬೇಕು, ಏನು ಮಾಡೋದು ಅಂತ ಗೊತ್ತಾಗುತ್ತಿಲ್ಲ ಅಂತ ಒಬ್ಬ ಅಧಿಕಾರಿ ಸರ್ಬ್ ಸೇನೆಯ ಜನರಲ್ ಕ್ರಿಸ್ಟಿಚ್‌ಗೆ ಹೇಳುತ್ತಾನೆ. ಪಾರ್ಸೆಲ್ ಅಂದರೆ ಸೆರೆಸಿಕ್ಕ ಮನುಷ್ಯರು ಅಂತ ಯುಗೊಸ್ಲಾವಿಯ ನ್ಯಾಯಮಂಡಳಿಯ ನ್ಯಾಯಾಧೀಶರು ತೀರ್ಮಾನಿಸಿದರು.

ಇಷ್ಟಿದ್ದೂ ಕ್ರಿಸ್ಟಿಚ್‌ಗೆ 2001ರಲ್ಲಿ ಕೊಟ್ಟ 46 ವರ್ಷದ ಶಿಕ್ಷೆ 2004ರ ಮೇಲ್ಮನವಿಯಲ್ಲಿ 35 ವರ್ಷಕ್ಕೆ ಇಳಿಯಿತು. ಆತನಿಗೆ ಗೊತ್ತಿತ್ತು, ತನ್ನ ಜನರನ್ನು ಬಳಸಿಕೊಳ್ಳಲು ಬಿಟ್ಟ. ಆದರೆ ಆ ಸಮುದಾಯವನ್ನೇ ನಾಶ ಮಾಡುವ ಉದ್ದೇಶ ಆತನಿಗಿತ್ತು ಅಂತ ಸಾಬೀತಾಗಲಿಲ್ಲ. ಹಾಗಾಗಿ ನರಮೇಧಕ್ಕೆ ನೆರವಾದವನು ಅಂತಷ್ಟೇ ತೀರ್ಪಾಯಿತು. ಕಾಂಗೋದ ಸಶಸ್ತ್ರ ಪಡೆಯೊಂದರ ನಾಯಕ ಬೆಂಬಾನಿಗೆ 2016ರಲ್ಲಿ ಹೇಗ್ ಕೋರ್ಟು 18 ವರ್ಷ ಕೊಟ್ಟಿತು. ಬೇರೆ ದೇಶಕ್ಕೆ ಹೋದ ತನ್ನ ಪಡೆಯನ್ನು ದೂರದಿಂದ ಎಷ್ಟು ಹಿಡಿತದಲ್ಲಿಡಬಹುದಿತ್ತು ಅನ್ನುವುದೇ ಮೇಲ್ಮನವಿಯಲ್ಲಿ ದೊಡ್ಡ ಪ್ರಶ್ನೆಯಾಯಿತು. 2018ರಲ್ಲಿ ಖುಲಾಸೆಯಾದ. ನೊಂದವರಿಗೆ ಇದು ಗಾಯದ ಮೇಲೆ ಬರೆ. ಆದರೂ ನಾನು ಕಟ್ಟುನಿಟ್ಟಿನ ಸಾಕ್ಷ್ಯದ ಪರವೇ. ಪದವಿ ನೋಡಿ ಶಿಕ್ಷೆ ಕೊಟ್ಟರೆ ಅದು ವಿಚಾರಣೆ ಆಗಲ್ಲ, ಗೆದ್ದವರ ಸೇಡು ಆಗುತ್ತದೆ.

ಪ್ರಶ್ನೆ: ಹೇಗ್‌ನಲ್ಲಿ ಎರಡು ಕೋರ್ಟುಗಳಿವೆಯಂತೆ, ವ್ಯತ್ಯಾಸ ಏನು?

ಉತ್ತರ: ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶದ ಮೇಲೆ ದೇಶ ಕೇಸು ಹಾಕುತ್ತದೆ, ಯಾರೂ ಜೈಲಿಗೆ ಹೋಗಲ್ಲ. ಕ್ರಿಮಿನಲ್ ಕೋರ್ಟು 2002ರಲ್ಲಿ ಶುರುವಾದದ್ದು. ನರಮೇಧ, ಮಾನವೀಯತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ, ಈ ನಾಲ್ಕರಲ್ಲಿ ವ್ಯಕ್ತಿಗಳನ್ನು ವಿಚಾರಿಸುತ್ತದೆ.

ಪ್ರಶ್ನೆ: ಸಿಕ್ಕಿಬೀಳುವವರು ಯಾವಾಗಲೂ ಬಡ ದೇಶಗಳವರೇ. ಇದು ನ್ಯಾಯವೇ?

ಉತ್ತರ: ಅಲ್ಲ. ಅಮೆರಿಕ, ರಷ್ಯಾ, ಚೀನಾ, ಭಾರತ ಯಾವುವೂ ಸದಸ್ಯರಲ್ಲ. ಸದಸ್ಯವಲ್ಲದ ದೇಶದ ಪ್ರಕರಣವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೋರ್ಟಿಗೆ ಒಪ್ಪಿಸಬಹುದು, ಆದರೆ ಅಲ್ಲಿ ವಿಟೊ ಇದೆ, ಮಂಡಳಿಯ ಕಾಯಂ ಸದಸ್ಯರಲ್ಲಿ ಒಬ್ಬರು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. 2014ರಲ್ಲಿ ಸಿರಿಯಾದ ಪ್ರಕರಣ ಒಪ್ಪಿಸಲು ಹೊರಟಾಗ ರಷ್ಯಾ, ಚೀನಾ ಎರಡೂ ಬೇಡ ಅಂದವು. ಕೋರ್ಟಿನ ಅಧಿಕಾರಿಗಳ ಮೇಲೆ ಅಮೆರಿಕ 2020ರಲ್ಲೂ 2025ರಲ್ಲೂ ನಿರ್ಬಂಧ ಹೇರಿತು. 2023ರಲ್ಲಿ ಪುಟಿನ್ ಮೇಲೆ, 2024ರಲ್ಲಿ ನೆತನ್ಯಾಹು ಮೇಲೆ ವಾರಂಟ್ ಬಂದಿದ್ದು ನಿಜ, ಆದರೆ ಇಬ್ಬರೂ ಕಟಕಟೆಗೆ ಬಂದಿಲ್ಲ.

ಆದರೆ ಒಂದು ಮಾತು. ಆಫ್ರಿಕಾದ ಪ್ರಕರಣಗಳಲ್ಲಿ ನೊಂದವರೂ ಆಫ್ರಿಕಾದವರೇ. ಉಗಾಂಡ, ಕಾಂಗೋ, ಮಾಲಿ ಸರ್ಕಾರಗಳು ತಾವೇ ಕೋರ್ಟಿಗೆ ಬರೆದಿದ್ದವು. ಬಲಿಷ್ಠರು ತಪ್ಪಿಸಿಕೊಂಡರು ಅಂತ ಇವರ ಕೇಸನ್ನೂ ಮುಚ್ಚಬೇಕಾ? ಬೇರೆ ದಾರಿಗಳೂ ತೆರೆಯುತ್ತಿವೆ, ಎಲ್ಲೋ ನಡೆದ ಇಂಥ ಅಪರಾಧವನ್ನು ಇನ್ನೊಂದು ದೇಶದ ಕೋರ್ಟೇ ವಿಚಾರಿಸುವುದುಂಟು. ಸಿರಿಯಾದ ಗುಪ್ತಚರ ಅಧಿಕಾರಿಯಾಗಿದ್ದ ಅನ್ವರ್ ರಸ್ಲಾನ್ ಜರ್ಮನಿಗೆ ಬಂದು ನೆಲೆಸಿದ್ದ. ಅಲ್ಲಿನ ಕೊಬ್ಲೆನ್ಜ್ ನಗರದ ಕೋರ್ಟು 2022ರ ಜನವರಿಯಲ್ಲಿ ಆತನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಪ್ರಶ್ನೆ: ಸಾಕ್ಷಿ ಹೇಳುವವರಿಗೆ ಭಯ ಇರಲ್ವಾ?

ಉತ್ತರ: ಇರುತ್ತದೆ. ಕೆನ್ಯಾದಲ್ಲಿ 2007ರ ಚುನಾವಣೆಯ ನಂತರ ನಡೆದ ಹಿಂಸೆಯ ಪ್ರಕರಣಗಳು ಹೀಗೆಯೇ ಕುಸಿದವು. ಸಾಕ್ಷಿಗಳು ಹಿಂದೆ ಸರಿದರು, ಅವರ ಮೇಲೆ ಒತ್ತಡವಿದೆ ಅಂತ ಪ್ರಾಸಿಕ್ಯೂಟರ್ ಹೇಳಿದರು. 2014ರಲ್ಲಿ ಆಗಿನ ಅಧ್ಯಕ್ಷ ಕೆನ್ಯಾಟಾ ಮೇಲಿನ ಆರೋಪ ಕೈಬಿಟ್ಟರು, 2016ರಲ್ಲಿ ಆಗಿನ ಉಪಾಧ್ಯಕ್ಷ ರೂಟೊ ಕೇಸು ನಿಂತಿತು.

ಆದರೆ ಒಬ್ಬ ಸಾಕ್ಷಿಯ ಧೈರ್ಯ ಕಾನೂನನ್ನೇ ಬದಲಿಸಿದ್ದೂ ಇದೆ. ರುವಾಂಡಾ ನರಮೇಧದ ವಿಚಾರಣೆ ಟಾಂಜಾನಿಯಾದ ಅರುಷಾದಲ್ಲಿ ನಡೆಯಿತು. ಮೇಯರ್ ಆಗಿದ್ದ ಅಕಯೇಸು ಮೇಲೆ ಅತ್ಯಾಚಾರದ ಆರೋಪವೇ ಮೊದಲು ಇರಲಿಲ್ಲ. ಬೇರೆ ವಿಷಯಕ್ಕೆ ಸಾಕ್ಷಿ ಹೇಳಲು ಬಂದ ಒಬ್ಬ ತಾಯಿ, ತನ್ನ ಆರು ವರ್ಷದ ಮಗಳ ಮೇಲಾದ ಅತ್ಯಾಚಾರವನ್ನು ಹೇಳಿದಳು. ನ್ಯಾಯಾಧೀಶರು ಸುಮ್ನೆ ಮುಂದೆ ಹೋಗಲಿಲ್ಲ, ಕೇಳಿದರು. ಆಮೇಲೆ ಬೇರೆ ಹೆಂಗಸರೂ ಬಾಯಿಬಿಟ್ಟರು, ಆರೋಪಪಟ್ಟಿ ಬದಲಾಯಿತು. ಅತ್ಯಾಚಾರವೂ ನರಮೇಧದ ಅಸ್ತ್ರವಾಗಬಲ್ಲದು ಅಂತ 1998ರ ಸೆಪ್ಟೆಂಬರ್ 2ರಂದು ತೀರ್ಪು ಬಂತು.

ಪ್ರಶ್ನೆ: ಯುದ್ಧ ನಡೆಯುತ್ತಿರುವ ದೇಶದಿಂದ ನನ್ನ ಗೆಳೆಯ ಮೊಬೈಲ್ ವಿಡಿಯೊ ಕಳಿಸುತ್ತಾನೆ. ಇವು ಕೋರ್ಟಿನಲ್ಲಿ ನಡೆಯುತ್ತವಾ?

ಉತ್ತರ: ನಡೆಯುತ್ತವೆ. ಲಿಬಿಯಾದ ಕಮಾಂಡರ್ ವೆರ್ಫಲ್ಲಿ ಮೇಲೆ 2017ರಲ್ಲಿ ಬಂದ ವಾರಂಟ್‌ಗೆ ಸೋಷಿಯಲ್ ಮೀಡಿಯಾದಲ್ಲಿ ಹರಿದಾಡಿದ ವಿಡಿಯೊಗಳೇ ಮುಖ್ಯ ಆಧಾರವಾಗಿದ್ದವು. ವಿಚಾರಣೆಗೆ ಮೊದಲೇ, 2021ರಲ್ಲಿ ಆತ ಕೊಲೆಯಾದ.

ನಿಮ್ಮ ಗೆಳೆಯರಿಗೆ ಇಷ್ಟು ಹೇಳಿ. ಮೊದಲು ಅವರ ಜೀವ, ಆಮೇಲೆ ವಿಡಿಯೊ. ಮೂಲ ಫೈಲನ್ನು ಕತ್ತರಿಸಬೇಡಿ, ಮೇಲೆ ಏನೂ ಬರೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಫೈಲಿನೊಳಗಿನ ಸಮಯ, ಜಾಗದ ಮಾಹಿತಿ ಕಳೆದುಹೋಗುತ್ತದೆ. ಹಾಗಾಗಿ ಮೂಲ ಪ್ರತಿ ಬೇರೆ ಕಡೆ ಭದ್ರವಾಗಿರಲಿ. ತೆಗೆಯುವಾಗ ಒಂದು ಸಲ ಸುತ್ತಲೂ ಕ್ಯಾಮೆರಾ ತಿರುಗಿಸಿ, ಗೋಪುರ, ಬೋರ್ಡು, ಬೆಟ್ಟ ಏನಾದರೂ ಕಾಣಲಿ. ಉಪಗ್ರಹ ಚಿತ್ರದ ಜೊತೆ ಹೋಲಿಸಿ ಜಾಗ ಗುರುತಿಸಲು ಅದು ಬೇಕು. ಯಾವಾಗ, ಎಲ್ಲಿ, ಯಾರು ತೆಗೆದದ್ದು ಅಂತ ಅವತ್ತೇ ಬರೆದಿಡಿ. ವರ್ಷಗಳ ನಂತರ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ. ಸಾಧ್ಯವಾದರೆ ತೆಗೆದ ಫೋನನ್ನೂ ಇಟ್ಟುಕೊಂಡಿರಲಿ.